ರಾಯರು ಮತ್ತು ಸಗೋತ್ರ ಡಿಸ್ಕುಗಳು

ಸಂಸಾರದ ಸಕಲ ಹೊಣೆಗಳನ್ನೂ ನೆರವೇರಿಸಿ, ಪಿಂಚಣಿಯ ಆಶ್ರಯದಲ್ಲಿ ನಿಶ್ಚಿಂತೆಯಿಂದ ಕಾಲಕ್ಷೇಪ ಮಾಡಬಹುದಾದ ವಯಸ್ಸಿನಲ್ಲಿ, ನಡುಮನೆಯ ಕಪಾಟಿನೊಳಗೆ ನಾಸ್ ಎಂಬ ಕರಿಯ ಪೆಟ್ಟಿಗೆಯೊಂದನ್ನು ಪ್ರತಿಷ್ಠಾಪಿಸಿ, ಅದರ ಯೋಗಕ್ಷೇಮವನ್ನೇ ಅಹರ್ನಿಶಿ ಚಿಂತಿಸುವ ಮಹನೀಯರು ಈಚೆಗೆ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೀದಿಗೊಬ್ಬರಾದರೂ ಸಿಕ್ಕಿಯಾರು. ಅಂಥವರಲ್ಲಿ ನಮ್ಮ ರಾಯರು ಅಗ್ರಗಣ್ಯರು. ಅವರ ಪೆಟ್ಟಿಗೆಯಲ್ಲಿ 4 ಟೆರಾಬೈಟಿನ ನಾಲ್ಕು ಹಾರ್ಡ್ ಡಿಸ್ಕುಗಳುಂಟು. ರೇಡ್ 5 ಎಂಬ ವ್ಯವಸ್ಥೆಯ ದೆಸೆಯಿಂದ ಒಂದು ಡಿಸ್ಕಿನಷ್ಟು ಜಾಗವು ರಕ್ಷಣೆಗೇ ಮೀಸಲಾಗಿ, ಮಿಕ್ಕ 12 ಟೆರಾಬೈಟಿನಲ್ಲಿ ಮಗಳ ಮದುವೆಯ ವೀಡಿಯೊ, ಮೊಮ್ಮಗನ ನಾಮಕರಣದ ಫೋಟೋಗಳು, ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಸಂಗೀತ ಕಚೇರಿಗಳು ಹಾಗೂ 1987ರಿಂದೀಚಿನ ಸಮಸ್ತ ಕರೆಂಟ್ ಬಿಲ್ಲುಗಳ ಸ್ಕ್ಯಾನ್ ಪ್ರತಿಗಳು ವಿರಾಜಿಸುತ್ತಿವೆ. ಇವನ್ನು ಯಾರೂ ತೆರೆದು ನೋಡಿದ್ದಿಲ್ಲ. ಮಗಳಿಗೆ ಬೇಕಾದ ಫೋಟೋ ಮಗಳ ಫೋನಿನಲ್ಲೇ ಇದೆ. ಆದರೂ ಒಂದೂ ನಷ್ಟವಾಗಕೂಡದೆಂಬುದು ರಾಯರ ವ್ರತ.

ಹೀಗಿರಲಾಗಿ, ಮೂರನೆಯ ಡಿಸ್ಕಿನಲ್ಲಿ 8 ಸೆಕ್ಟರುಗಳು ವಿಲೇವಾರಿಗೆ ಬಾಕಿ ಇವೆಯೆಂದು ಪೆಟ್ಟಿಗೆಯು ಒಂದು ಮುಂಜಾನೆ ವರದಿ ಮಾಡಿತು. ಸೇವಾವಧಿಯುದ್ದಕ್ಕೂ ವಿಲೇವಾರಿಯಾಗದ ಕಡತಗಳ ನಡುವೆ ಸುಖನಿದ್ರೆಗೈದ ನಮ್ಮ ರಾಯರು ಈ ಎಂಟಕ್ಕೆ ನಿದ್ದೆಗೆಟ್ಟರು.

ಹಾಳಾದುದನ್ನು ತೆಗೆದು ಹೊಸದನ್ನು ಹಾಕುವುದು ಪಾಮರರ ಮಾರ್ಗ. ಹಾರ್ಡ್ ಡಿಸ್ಕ್ ತಯಾರಿಸುವ ಕಂಪನಿಗಳು ಈಗ ಜಗತ್ತಿನಲ್ಲಿ ಉಳಿದಿರುವುದೇ ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೊಷಿಬಾ ಎಂಬ ಮೂರಾದ್ದರಿಂದ ಆಯ್ಕೆಯು ಸುಲಭವಾದೀತೆಂದು ನಾನು ಬಾಯಿತಪ್ಪಿ ಅಂದೆ. ರಾಯರು ಕನ್ನಡಕವನ್ನು ಹಣೆಗೇರಿಸಿದರು. ನಿಮಿಷಕ್ಕೆ 7200 ಸುತ್ತು ತಿರುಗುವುದು ಹೆಚ್ಚು ಬಿಸಿಯಾಗುವುದಲ್ಲವೆ? ದತ್ತಾಂಶದ ಪಥಗಳು ಪಕ್ಕಪಕ್ಕದಲ್ಲಿ ಮರ್ಯಾದೆಯಿಂದಿರುವ ಸಿಎಂಆರ್ ಡಿಸ್ಕು ಯಾವುದು, ಜಾಗ ಉಳಿಸುವ ಲೋಭದಿಂದ ಒಂದು ಪಥದ ಅಂಚಿನ ಮೇಲೆ ಇನ್ನೊಂದು ಏರಿ ಕುಳಿತು, ಒಂದನ್ನು ತಿದ್ದಬೇಕಾದರೆ ನೆರೆಯವನ್ನೂ ಮತ್ತೆ ಬರೆಯಬೇಕಾಗಿ ಬರುವ ಎಸ್‌ಎಂಆರ್ ಡಿಸ್ಕು ಯಾವುದು? ನಾಸ್‌ಗೆಂದೇ ಮಾರುತ್ತಿದ್ದ ವೆಸ್ಟರ್ನ್ ಡಿಜಿಟಲ್ಲಿನ ಕೆಂಪು ಡಿಸ್ಕುಗಳಲ್ಲಿ ಕೆಲವು ಈ ಎರಡನೆಯ ಜಾತಿಯವೆಂಬುದು 2020ರಲ್ಲಿ ಬಯಲಾದಂದಿನಿಂದ ರಾಯರು ಡಬ್ಬಿಯ ಮೇಲಿನ ಬರಹವನ್ನು ನಂಬುವುದನ್ನು ಬಿಟ್ಟಿದ್ದಾರೆ. ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಸಂಸ್ಥೆಯು ತನ್ನ ಲಕ್ಷಾಂತರ ಡಿಸ್ಕುಗಳಲ್ಲಿ ಯಾವ ಮಾದರಿಯವು ಎಷ್ಟು ಮಡಿದವೆಂದು ಮೂರು ತಿಂಗಳಿಗೊಮ್ಮೆ ಪ್ರಕಟಿಸುವ ಪಟ್ಟಿಯನ್ನು ಮಾತ್ರ, ಕಾಫಿ ಆರಿಹೋಗುವವರೆಗೂ, ಬೆರಳಿಟ್ಟು ಓದುತ್ತಾರೆ. ನನಗನಿಸುವ ಮಟ್ಟಿಗೆ ಡಿಸ್ಕು ಕೆಟ್ಟದ್ದರಿಂದ ಆ ಮನೆಗೆ ಆದದ್ದು ನಷ್ಟವಲ್ಲ. ರಾಯರ ಕಳೆ ಹತ್ತು ವರ್ಷ ಹಿಂದಕ್ಕೆ ಹೋಗಿತ್ತು.

ಕಡೆಗೊಂದು ದಿನ, ಸಾಕ್ಷಿಗೆಂದು ನನ್ನನ್ನೂ ಎಳೆದುಕೊಂಡು ಎಸ್.ಪಿ. ರೋಡಿಗೆ ದಯಮಾಡಿಸಿದರು. ಅಂಗಡಿಯ ಹುಡುಗ ಡಬ್ಬಿಯೊಂದನ್ನು ಮುಂದಿಟ್ಟು, "ಅಂಕಲ್, ಕಣ್ಣು ಮುಚ್ಕೊಂಡು ತಗೊಳ್ಳಿ. ಹತ್ತು ಲಕ್ಷ ಗಂಟೆ ಅಂತ ಕಂಪನಿಯವರೇ ಹಾಕಿದಾರೆ" ಎಂದ.

ರಾಯರು ಕ್ಷಣಕಾಲ ಬೆರಳು ಮಡಿಸಿದರು. "ಅಂದ್ರೆ ನೂರಾಹದಿನಾಲ್ಕು ವರ್ಷ ಆಯ್ತಲ್ಲಪ್ಪ. ವಾರಂಟಿ ಎಷ್ಟು?"

"ಮೂರು ವರ್ಷ ಅಂಕಲ್."

"ಮಿಕ್ಕ ನೂರಾಹನ್ನೊಂದು ವರ್ಷಕ್ಕೆ ಯಾರನ್ನ ಕೇಳಲಿ?"

ಆ ಹತ್ತು ಲಕ್ಷವು ಬಹುಸಂಖ್ಯೆಯ ಡಿಸ್ಕುಗಳನ್ನು ಒಟ್ಟಾಗಿ ಪರಿಗಣಿಸಿ ತೆಗೆದ ಸರಾಸರಿಯೇ ಹೊರತು ಒಂದೊಂದರ ಆಯುಷ್ಯವಲ್ಲವೆಂಬುದು ರಾಯರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಕೇಳುವುದರಲ್ಲೇ ಅವರ ಸುಖ. ಹುಡುಗ ಸೋಲಲಿಲ್ಲ. "ಎರಡು ತಗೊಳ್ಳಿ ಅಂಕಲ್, ಇನ್ನೂರು ಬಿಡ್ತೀನಿ" ಎಂದು ಮತ್ತೊಂದನ್ನು ತೆಗೆದ. ರಾಯರು ಜೇಬಿನಿಂದ ಭೂತಗನ್ನಡಿ ಹೊರತೆಗೆದು, ಎರಡೂ ಡಬ್ಬಿಗಳನ್ನು ಬೀದಿಯ ಬಿಸಿಲಿಗೆ ಹಿಡಿದು, ತಯಾರಾದ ದಿನಾಂಕವನ್ನೂ ಸೀರಿಯಲ್ ನಂಬರನ್ನೂ ಅಕ್ಷರಕ್ಷರವಾಗಿ ತಾಳೆ ನೋಡಿದರು.

"ಸಗೋತ್ರ ಕಣಯ್ಯಾ ಇವು. ಒಂದೇ ಮನೆಯಲ್ಲಿ ಕೂಡದು."

ಒಂದೇ ದಿನ ಒಂದೇ ಕಾರ್ಖಾನೆಯಲ್ಲಿ ಹುಟ್ಟಿದವಕ್ಕೆ ಒಂದೇ ದೋಷವಿದ್ದೀತು, ಇದ್ದರೆ ಒಟ್ಟಿಗೆ ಕೈಕೊಟ್ಟಾವು ಎಂಬ ಈ ಶಾಸ್ತ್ರವು ನಿರಾಧಾರವಲ್ಲ. ಪೆಟ್ಟಿಗೆಯಲ್ಲಿರುವ ನಾಲ್ಕೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡವು. ಆದ್ದರಿಂದ ಒಂದಾದಮೇಲೊಂದರಂತೆ ನಾಲ್ಕನ್ನೂ ಬದಲಿಸುವುದೆಂದು ಆಗಲೇ ತೀರ್ಮಾನವಾಗಿತ್ತು. ಒಂದನ್ನು ಅಲ್ಲಿ ಕೊಂಡು, ಎರಡನೆಯದಕ್ಕಾಗಿ ಬೀದಿಯ ಆ ತುದಿಯವರೆಗೆ ನಡೆಸಿದರು. ಆಟೋದಲ್ಲಿ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು, ಪ್ರತಿ ಹಂಪಿಗೂ ಕೈ ಮೇಲೆತ್ತುತ್ತ ಬಂದರು.

ಹೊಸ ಡಿಸ್ಕು ಒಳಸೇರಿದಮೇಲೆ ಉಳಿದ ಮೂರನ್ನೂ ಆದ್ಯಂತವಾಗಿ ಓದಿ ನಾಲ್ಕನೆಯದನ್ನು ಪುನರ್ನಿರ್ಮಿಸುವ ಕಾರ್ಯ ನಡೆಯಬೇಕು. ಅಷ್ಟರೊಳಗೆ ಇನ್ನೊಂದು ಪ್ರಾಣಬಿಟ್ಟರೆ, ಮದುವೆಯಿಂದ ಕರೆಂಟ್ ಬಿಲ್ಲಿನವರೆಗೆ ಸರ್ವವೂ ಸ್ವಾಹಾ. ಹೀಗಾಗಿ ಮನೆಯಲ್ಲಿ ಗೀಸರು, ಇಸ್ತ್ರಿಪೆಟ್ಟಿಗೆ, ಮಿಕ್ಸಿಗಳ ಮೇಲೆ ನಿಷೇಧಾಜ್ಞೆ ಜಾರಿಗೆ ಬಂದಿತು. ಯುಪಿಎಸ್ ಇದೆಯಲ್ಲಾ ಎಂದರೆ, ಅದರ ಬ್ಯಾಟರಿಯನ್ನು ನಂಬಿದವರಾರು? ಮರುದಿನ ಬೆಳಗ್ಗೆ ನಾನು ಹೋದಾಗ ರಾಯರು ಪೆಟ್ಟಿಗೆಯ ಹಸಿರು ದೀಪದೆದುರು ಕುರ್ಚಿ ಹಾಕಿಕೊಂಡಿದ್ದರು.

"ರೀ, ತಿಂಡಿಗೆ ಚಟ್ನಿ ರುಬ್ಬಲಾ?" ಎಂದು ಒಳಗಿನಿಂದ ಕೇಳಿಬಂತು.

"ಶೇಕಡಾ 83 ಆಗಿದೆ. ಇವತ್ತಿಗೆ ಚಟ್ನಿಪುಡೀಲೇ ಸುಧಾರಿಸು."

"ಹಾಗಾದ್ರೆ ನಾಳೆಗೆ ದೋಸೆಗೆ ನೆನೆಹಾಕಲಾ?"

"ನಾಳೆ ಎರಡನೇ ಡಿಸ್ಕು ಕಣೇ."