ಪಾಠ ಕಲಿತ ಅಧ್ಯಕ್ಷರನ್ನು ಕುರಿತು ಸೆನೆಟರ್ ಕಾಲಿನ್ಸ್ ಅವರಿಗೆ ಬಹಿರಂಗ ಪತ್ರ

ಮೇನ್ ರಾಜ್ಯದ ಸೆನೆಟರ್ ಮಾನ್ಯ ಸೂಸನ್ ಕಾಲಿನ್ಸ್ ಅವರ ಸನ್ನಿಧಿಯಲ್ಲಿ, ಕರ್ಣಾಟಕದ ಒಬ್ಬ ನಿವೃತ್ತ ಉಪಾಧ್ಯಾಯನ ವಿಜ್ಞಾಪನೆ.

ಮಾನ್ಯರೇ,

ಪರದೇಶದ ರಾಜಕಾರಣದಲ್ಲಿ ತಲೆಹಾಕುವುದು ನನ್ನಂಥವನಿಗೆ ತಕ್ಕುದಲ್ಲವೆಂಬುದನ್ನು ಬಲ್ಲೆ. ಆದರೆ 2020ರ ಫೆಬ್ರವರಿ 4ರಂದು, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಮೇಲಣ ಮಹಾಭಿಯೋಗದ ತೀರ್ಪಿಗೆ ಇನ್ನೂ ಒಂದು ದಿನವಿರುವಾಗಲೇ, ಅವರು ಈ ಪ್ರಕರಣದಿಂದ ದೊಡ್ಡದೊಂದು ಪಾಠವನ್ನು ಕಲಿತಿದ್ದಾರೆಂದೂ ಇನ್ನು ಮುಂದೆ ಬಹಳ ಎಚ್ಚರಿಕೆಯಿಂದ ನಡೆದುಕೊಳ್ಳುವರೆಂದೂ ತಮಗೆ ನಂಬಿಕೆಯಿದೆಯೆಂದು ತಾವು ದೂರದರ್ಶನದಲ್ಲಿ ಅಪ್ಪಣೆ ಕೊಡಿಸಿದಿರಷ್ಟೆ; ಪಾಠದ ಪ್ರಸ್ತಾಪ ಕಿವಿಗೆ ಬಿದ್ದ ಮೇಲೆ ಮೇಷ್ಟರಾದವನು ಬಾಯಿ ಮುಚ್ಚಿಕೊಂಡಿರುವುದು ದುಸ್ಸಾಧ್ಯ. ಜೀವಮಾನವೆಲ್ಲ ಸೀಮೆಸುಣ್ಣ ಸವೆಸಿದ ನನಗೆ, ಫಲಿತಾಂಶ ಬರುವ ಹಿಂದಿನ ದಿನವೇ ಶಿಷ್ಯನ ಚಿತ್ತಶುದ್ಧಿಯನ್ನು ಕಂಡು ಹೇಳುವ ದಿವ್ಯದೃಷ್ಟಿ ಎಂದೂ ಸಿದ್ಧಿಸಲಿಲ್ಲ.

ಮೊದಲಿಗೆ ತಮ್ಮ ಸಭೆಯ ಶಿಸ್ತನ್ನು ಕೊಂಡಾಡಬೇಕು. 2019ರ ಜುಲೈ 25ರಂದು ಅಧ್ಯಕ್ಷರು ಉಕ್ರೇನಿನ ಜೆಲೆನ್ಸ್ಕಿಯವರೊಡನೆ ಫೋನಿನಲ್ಲಿ ಮಾತನಾಡುತ್ತ, ಚುನಾವಣೆಯಲ್ಲಿ ತಮಗೆ ಎದುರಾಳಿಯಾಗಬಹುದಾಗಿದ್ದ ಜೋ ಬೈಡನ್ ಅವರ ವಿಷಯದಲ್ಲಿ ತನಿಖೆಯಾಗಲೆಂದು ಕೋರಿದ್ದಕ್ಕೂ, ಆ ದೇಶಕ್ಕೆ ಸಲ್ಲತಕ್ಕ 39 ಕೋಟಿ ಡಾಲರುಗಳ ನೆರವು ಅದೇ ಕಾಲದಲ್ಲಿ ತಡೆಯಲ್ಪಟ್ಟಿದ್ದಕ್ಕೂ ನಂಟುಂಟೆ ಎಂಬುದೇ ವ್ಯಾಜ್ಯ. ಇದನ್ನು ನಿರ್ಣಯಿಸಲು ನೂರು ಮಂದಿ ಪ್ರೌಢರು, ಬಾಯಿ ತೆರೆದರೆ ಸೆರೆವಾಸವೆಂಬ ಘೋಷಣೆಯನ್ನು ದಿನವೂ ಕೇಳಿಸಿಕೊಂಡು, ನೀರು ಮತ್ತು ಹಾಲಿನ ವಿನಾ ಅನ್ಯ ಪಾನೀಯಕ್ಕೆ ಆಸ್ಪದವಿಲ್ಲದೆ, ಮುಖ್ಯ ನ್ಯಾಯಾಧೀಶ ರಾಬರ್ಟ್ಸ್ ಅವರ ಇದಿರಿನಲ್ಲಿ ಗಂಟೆಗಟ್ಟಲೆ ಕುಳಿತರು. ತಮ್ಮ ಪಕ್ಷದವರ ಬೇಸರ ಕಳೆಯಲೆಂದು ಉತ್ತರ ಕೆರೊಲೈನಾದ ಬರ್ ಅವರು ಬೆರಳಲ್ಲಿ ತಿರುಗಿಸುವ ಪುಟ್ಟ ಆಟಿಕೆಗಳನ್ನು ಹಂಚಿದರು. ಎದುರು ಪಕ್ಷದ ಗಾಂಭೀರ್ಯವೇನೂ ಕಡಿಮೆಯದಲ್ಲ: ಇದು ದುಃಖದ ದಿನವೆಂದು ಸಾರುತ್ತಲೇ ಪ್ರತಿನಿಧಿ ಸಭೆಯ ಅಧ್ಯಕ್ಷೆ ಪೆಲೋಸಿಯವರು ದೋಷಾರೋಪಪತ್ರಕ್ಕೆ ರುಜು ಹಾಕಲು ತಟ್ಟೆಯಲ್ಲಿ ಒಪ್ಪವಾಗಿ ಜೋಡಿಸಿದ, ತಮ್ಮ ಹೆಸರು ಅಚ್ಚಾದ ಲೇಖನಿಗಳನ್ನು ಒಂದೊಂದಾಗಿ ಎತ್ತಿಕೊಂಡು, ಆ ಬಳಿಕ ಅವನ್ನು ಸ್ಮರಣಿಕೆಗಳಾಗಿ ವಿನಿಯೋಗ ಮಾಡಿದರು.

ಸಾಕ್ಷಿಗಳನ್ನು ಕರೆಸಬೇಕೆಂಬ ಸೂಚನೆ 51ಕ್ಕೆ 49ರಂತೆ ಬಿದ್ದುಹೋಯಿತು. ಅದರ ಪರವಾಗಿ ನಿಂತ ರಿಪಬ್ಲಿಕನ್ನರು ತಾವು ಮತ್ತು ಯೂಟಾದ ರಾಮ್ನಿ, ಇಬ್ಬರೇ. ಈ ಪುಣ್ಯ ತಮ್ಮ ಲೆಕ್ಕಕ್ಕೆ ಸೇರತಕ್ಕದ್ದೇ. ಟೆನೆಸಿಯ ಲಮಾರ್ ಅಲೆಗ್ಸಾಂಡರ್ ಅವರಂತೂ, ಆರೋಪವು ಸಿದ್ಧವಾಗಿಯೇ ಇದೆ, ಆದಕಾರಣ ಇನ್ನು ಸಾಕ್ಷಿ ಬೇಡ, ಕೃತ್ಯವು ಅನುಚಿತವೇ ಸರಿ, ಆದರೂ ಪದಚ್ಯುತಿಗೆ ಸಾಲದು ಎಂದು ಸಿದ್ಧಾಂತ ಮಾಡಿದರು. ನಮ್ಮ ತರ್ಕಶಾಸ್ತ್ರಜ್ಞರು ಈ ಬಗೆಯ ಪ್ರಮಾಣವನ್ನು ಕಂಡಿರಲಿಲ್ಲ. ಫೆಬ್ರವರಿ 5ರಂದು ಮೊದಲನೆಯ ಆರೋಪದಲ್ಲಿ 52ಕ್ಕೆ 48, ಎರಡನೆಯದರಲ್ಲಿ 53ಕ್ಕೆ 47 ಮತಗಳಿಂದ ಅಧ್ಯಕ್ಷರು ದೋಷಮುಕ್ತರಾದರು. ಆ ಒಂದು ಹೆಚ್ಚಿನ ಮತದ ಅಂತರಕ್ಕೆ ಕಾರಣರಾದ ರಾಮ್ನಿಯವರನ್ನು ಬಿಟ್ಟರೆ, ಪಕ್ಷದ ಗೆರೆಯನ್ನು ದಾಟಿದವರು ಯಾರೂ ಇಲ್ಲ.

ಇನ್ನು ಶಿಷ್ಯರ ವಿನಯವನ್ನು ಅವಲೋಕಿಸೋಣ. ಮರುದಿನ ಬೆಳಗ್ಗೆ ವಾಷಿಂಗ್ಟನ್ನಿನಲ್ಲಿ ರಾಷ್ಟ್ರೀಯ ಪ್ರಾರ್ಥನಾ ಉಪಾಹಾರಕೂಟ. ಹಾರ್ವರ್ಡಿನ ಆರ್ಥರ್ ಬ್ರೂಕ್ಸ್ ಎಂಬ ಸಜ್ಜನರು ಶತ್ರುಗಳನ್ನೂ ಪ್ರೀತಿಸಿರೆಂಬ ಕ್ರಿಸ್ತವಾಕ್ಯವನ್ನು ಆಧರಿಸಿ ಉಪನ್ಯಾಸ ಮಾಡಿ ಕುಳಿತರು. ಸಭೆಗೆ ಬರುತ್ತಲೇ ಬಿಡುಗಡೆಯ ಸುದ್ದಿಯನ್ನು ದಪ್ಪಕ್ಷರಗಳಲ್ಲಿ ಹೊತ್ತ ವೃತ್ತಪತ್ರಿಕೆಯನ್ನು ಸಭಿಕರಿಗೆ ಕಾಣುವಂತೆ ಎತ್ತಿ ಹಿಡಿದಿದ್ದ ಅಧ್ಯಕ್ಷರು ಎದ್ದು, ಆರ್ಥರ್, ನಿಮ್ಮ ಮಾತನ್ನು ಒಪ್ಪಬಲ್ಲೆನೋ ಇಲ್ಲವೋ ತಿಳಿಯದು ಎಂಬರ್ಥದ ಮಾತನ್ನಾಡಿದರು. ಪೆಲೋಸಿಯವರು ಅದೇ ವೇದಿಕೆಯ ಮೇಲಿದ್ದರು. ಎರಡು ರಾತ್ರಿಗಳ ಹಿಂದೆ ಅಧ್ಯಕ್ಷರ ಭಾಷಣದ ಪ್ರತಿಯನ್ನು ಅವರ ಬೆನ್ನ ಹಿಂದೆಯೇ ಹರಿದು ಹಾಕಿದ ಕೈಗಳು ಆಗ ಪ್ರಾರ್ಥನೆಗೆ ಜೋಡಿಸಲ್ಪಟ್ಟಿದ್ದುವು. ಮಧ್ಯಾಹ್ನ ಶ್ವೇತಭವನದಲ್ಲಿ ಅಧ್ಯಕ್ಷರು ಒಂದು ಗಂಟೆಗೂ ಮಿಕ್ಕಿ ಮಾತನಾಡಿ, ತನಿಖೆ ನಡೆಸಿದವರನ್ನು ಸಂಬೋಧಿಸಲು ಬಳಸಿದ ಪದಗಳಲ್ಲಿ ಕೆಲವನ್ನು ನಾನು ಶಾಲೆಯ ಹಿತ್ತಿಲ ಗೋಡೆಯ ಮೇಲೆ ಮಾತ್ರ ಓದಿದ್ದೇನೆ.

ಅದರ ಮರುದಿನ ಲೆಫ್ಟಿನೆಂಟ್ ಕರ್ನಲ್ ಅಲೆಗ್ಸಾಂಡರ್ ವಿಂಡ್‌ಮನ್ ಅವರನ್ನು ಕಾವಲಿನೊಡನೆ ಶ್ವೇತಭವನದ ಆವರಣದಿಂದ ಹೊರಕ್ಕೆ ಕರೆದೊಯ್ದರು. ಇರಾಕಿನಲ್ಲಿ ಗಾಯಗೊಂಡ ಈ ಸೈನಿಕರು ನವೆಂಬರಿನಲ್ಲಿ ಸಾಕ್ಷ್ಯ ನುಡಿಯುವಾಗ, ಸೋವಿಯತ್ ದೇಶದಿಂದ ಮಕ್ಕಳನ್ನು ಕರೆತಂದ ತಮ್ಮ ತಂದೆಯನ್ನು ಕುರಿತು, ಚಿಂತಿಸಬೇಡಿ, ಸತ್ಯ ಹೇಳಿದ್ದಕ್ಕೆ ಇಲ್ಲಿ ನನಗೇನೂ ಆಗದು ಎಂದು ಧೈರ್ಯ ಹೇಳಿದ್ದರು. ಅದೇ ದಿನ ಅವರ ಅವಳಿ ಸೋದರ ಯೆವ್ಗೆನಿಯವರನ್ನೂ ಹೊರಗೆ ಕಳುಹಿಸಲಾಯಿತು. ಆತನು ಮಹಾಭಿಯೋಗದಲ್ಲಿ ಸಾಕ್ಷ್ಯವನ್ನೇ ನುಡಿದಿರಲಿಲ್ಲ. ಅಣ್ಣತಮ್ಮಂದಿರ ಮುಖ ಒಂದೇ ಆದಕಾರಣ ಗುರುತಿನಲ್ಲಿ ತಪ್ಪಾಗದಿರಲೆಂಬ ಮುಂಜಾಗ್ರತೆಯಿರಬೇಕು. ಐರೋಪ್ಯ ಒಕ್ಕೂಟದಲ್ಲಿದ್ದ ರಾಯಭಾರಿ ಸಾಂಡ್ಲಂಡ್ ಅವರಿಗೂ ಅಂದೇ ವಾಪಸಾಗುವ ಅಪ್ಪಣೆಯಾಯಿತು. ಡೆಮಾಕ್ರಟಿಕ್ ಪಕ್ಷದವರು ಇದನ್ನು ಪ್ರತೀಕಾರವೆಂದರು. ರಿಪಬ್ಲಿಕನ್ನರು, ತನ್ನ ಪರಿವಾರವನ್ನು ಆರಿಸಿಕೊಳ್ಳುವುದು ಅಧ್ಯಕ್ಷನ ಹಕ್ಕೆಂದರು.

ಫೆಬ್ರವರಿ 12ರಂದು ವರದಿಗಾರರೊಬ್ಬರು ಅಧ್ಯಕ್ಷರನ್ನು ನೇರವಾಗಿಯೇ ಕೇಳಿದರು: ಮಹಾಭಿಯೋಗದಿಂದ ತಾವು ಕಲಿತ ಪಾಠವೇನು? ಡೆಮಾಕ್ರಟರು ವಕ್ರರು, ಕ್ರೂರಿಗಳು, ಅವರು ಮಹಾಭಿಯೋಗವನ್ನು ತರಬಾರದಾಗಿತ್ತು ಎಂದು ಉತ್ತರ ಬಂದಿತು. ಅಷ್ಟರೊಳಗೆ ತಾವು, ನಂಬಿಕೆಯೆಂದದ್ದನ್ನು ಆಶೆಯೆಂದು ಓದಿಕೊಳ್ಳಬೇಕೆಂದು ತಿದ್ದುಪಡಿ ಕೊಟ್ಟಿದ್ದಿರಿ.

1999ರ ಅದೇ ಫೆಬ್ರವರಿ 12ರಂದೇ ಕ್ಲಿಂಟನ್ನರ ಬಿಡುಗಡೆಯೂ ಆಯಿತೆಂಬುದು ತಮಗೆ ನೆನಪಿರಬೇಕು. ಆಗಲೂ ತಾವು ಸೆನೆಟಿನಲ್ಲಿದ್ದಿರಿ, ಆಗಲೂ ನಿರ್ದೋಷಿಯೆಂದೇ ಮತವಿತ್ತಿರಿ. ಇಪ್ಪತ್ತೊಂದು ವರ್ಷಗಳಲ್ಲಿ ಅಧ್ಯಕ್ಷನ ಪಕ್ಷ ಬದಲಾದರೂ ತಮ್ಮ ಮತ ಬದಲಾಗಲಿಲ್ಲ, ಇದು ವ್ಯಂಗ್ಯವಿಲ್ಲದ ಪ್ರಶಂಸೆ. ಉಳಿದವರಾದರೋ ಒಬ್ಬರ ಭಾಷಣಗಳನ್ನು ಇನ್ನೊಬ್ಬರು ಎರವಲು ಪಡೆದರು. ಅಂದು ಕ್ಲಿಂಟನ್ನರ ವಿರುದ್ಧ ವಾದ ಮಂಡಿಸಿದ ಲಿಂಡ್ಸೆ ಗ್ರಹಾಮರು 2020ರಲ್ಲಿ ಟ್ರಂಪರಿಗೆ ಕವಚವಾದರು. ಅಂದು ನಿರ್ದೋಷಿಯೆಂದ ಡೆಮಾಕ್ರಟ್ ಷೂಮರ್ ಅವರು ಈ ಸಲ ದೋಷಿಯೆಂದರು. ಕ್ಲಿಂಟನ್ನರ ಮೇಲೆ ಪ್ರತಿನಿಧಿ ಸಭೆ ಆರೋಪ ಹೊರಿಸಿದ ದಿನವೇ ಅವರ ಪಕ್ಷದವರು ಶ್ವೇತಭವನದ ಹುಲ್ಲುಹಾಸಿನ ಮೇಲೆ ಒಟ್ಟುಗೂಡಿ ಜಯಕಾರ ಮಾಡಿದ್ದನ್ನು ನೆನೆದರೆ, ಇವರ ಔಚಿತ್ಯಪ್ರಜ್ಞೆಯೂ ಹುಟ್ಟಿನಿಂದ ಬಂದದ್ದಲ್ಲ. ಆದರೂ ಕ್ಲಿಂಟನ್ನರು ಬಿಡುಗಡೆಯ ದಿನ ಹೂದೋಟಕ್ಕೆ ಬಂದು ಕ್ಷಮೆಯ ಮಾತನ್ನಾದರೂ ಆಡಿ ಹೋದರು.

ಹೀಗಿರಲಾಗಿ, ಟ್ರಂಪರು ಪಾಠ ಕಲಿಯಲಿಲ್ಲವೆಂದು ತಮ್ಮನ್ನು ಹಾಸ್ಯ ಮಾಡುವವರೊಡನೆ ನಾನು ಸೇರಲಾರೆ. ಅವರು ಕಲಿತರು, ಅದೂ ಚೆನ್ನಾಗಿ. ಮೂರನೆಯ ಎರಡಂಶ ಮತಗಳು ಕೂಡಿಬರುವ ಸಂಭವವಿಲ್ಲದಿರುವ ತನಕ ಯಾವ ಕೃತ್ಯವೂ ಅಪರಾಧವಾಗಲಾರದೆಂದು ಕಲಿಸಿದವರು ತಾವೇ. ಅಧ್ಯಕ್ಷರ ಮಿತ್ರ ರಾಜರ್ ಸ್ಟೋನ್‌ಗೆ ಕೋರಲಾಗಿದ್ದ ಏಳರಿಂದ ಒಂಬತ್ತು ವರ್ಷಗಳ ಶಿಕ್ಷೆಯನ್ನು ನ್ಯಾಯ ಇಲಾಖೆ ಮರುದಿನವೇ ತಗ್ಗಿಸಿದಾಗ ನಾಲ್ವರು ಅಭಿಯೋಜಕರು ಪ್ರಕರಣವನ್ನು ಬಿಟ್ಟು ಸರಿದರು; ಶಿಷ್ಯರು ಮನೆಪಾಠವನ್ನೂ ತಪ್ಪಿಸಿದವರಲ್ಲ.

2021ರ ಫೆಬ್ರವರಿಯಲ್ಲಿ, ಕ್ಯಾಪಿಟಲ್ ಭವನಕ್ಕೆ ಜನರ ಗುಂಪು ನುಗ್ಗಿದ ತರುವಾಯ, ಎರಡನೆಯ ಮಹಾಭಿಯೋಗದಲ್ಲಿ ದೋಷಿಯೆಂದ ಏಳು ರಿಪಬ್ಲಿಕನ್ನರಲ್ಲಿ ತಾವೂ ಒಬ್ಬರು. ಸೆನೆಟಿನ ರಿಪಬ್ಲಿಕನ್ ನಾಯಕ ಮೆಕಾನೆಲ್ ಅವರು ನಿರ್ದೋಷಿಯೆಂದು ಮತವಿತ್ತು, ಆ ಕೂಡಲೇ ಎದ್ದು ನಿಂತು ಆದದ್ದಕ್ಕೆ ನೈತಿಕ ಹೊಣೆ ಟ್ರಂಪರದೇ ಎಂದರು. ಪ್ರತಿನಿಧಿ ಸಭೆಯಲ್ಲಿ ಆರೋಪವನ್ನು ಬೆಂಬಲಿಸಿದ ರಿಪಬ್ಲಿಕನ್ನರು ಹತ್ತು ಮಂದಿ: ಮುಂದಿನ ಚುನಾವಣೆಯಲ್ಲಿ ನಾಲ್ವರು ಸ್ಪರ್ಧಿಸಲಿಲ್ಲ, ನಾಲ್ವರನ್ನು ಸ್ವಪಕ್ಷದ ಮತದಾರರೇ ಪ್ರಾಥಮಿಕ ಸುತ್ತಿನಲ್ಲಿ ಮನೆಗೆ ಕಳುಹಿಸಿದರು, ಇಬ್ಬರು ಉಳಿದರು. ಆ ಎಂಟು ಮಂದಿಗೆ ಕಲಿಸಲ್ಪಟ್ಟ ಪಾಠದ ವಿಷಯದಲ್ಲಿ ತಮಗಿರುವುದು ನಂಬಿಕೆಯೋ ಆಶೆಯೋ ತಿಳಿಸುವ ಕೃಪೆಯಾಗಲಿ.

ಇಂತು, ತಮ್ಮ ವಿಧೇಯ,
ಓರ್ವ ನಿವೃತ್ತ ಉಪಾಧ್ಯಾಯ