ಕೀ ಯಾರ ಕೈಲಿ?
“ಅಪ್ಪಾ, ವೇಗಕ್ಕೆ ಎರಡು ಸಾವಿರ ದಂಡ.” “ಅಷ್ಟೇನಾ? ಕಟ್ಟಿಬಿಡೋಣ.” ಹದಿನಾರರ ಮಗನಿಗೆ ಕಾರು ಕೊಟ್ಟ ಈ ಉದಾರಿಯ ಲೆಕ್ಕ ತಪ್ಪಿದೆ. 2019ರ ಮೋಟಾರು ವಾಹನ ತಿದ್ದುಪಡಿಯ 199ಎ ಕಲಮಿನ ಪ್ರಕಾರ ಅಪರಾಧಿ ಅಪ್ಪನೇ: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಕಾರಿನ ನೋಂದಣಿ ಹನ್ನೆರಡು ತಿಂಗಳು ರದ್ದು, ಮಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. “ಓಡಿಸಿದ್ದು ಅವನು, ಜೈಲು ನನಗಾ?” ನ್ಯಾಯವಾದ ಪ್ರಶ್ನೆಯೇ. ಅದಕ್ಕೇ ಕಾನೂನು ಒಂದು ಕಿಂಡಿ ಬಿಟ್ಟಿದೆ: ತನಗೆ ಗೊತ್ತಿಲ್ಲದೆ ನಡೆಯಿತೆಂದು ಸಾಬೀತು ಮಾಡಿದರೆ ಪಾರು. ಆದರೆ ಸ್ಟೇರಿಂಗ್ ಹಿಡಿದ ಮಗನ ಫೋಟೊವನ್ನು ಸ್ಟೇಟಸ್‌ಗೆ ಹಾಕಿ ಮೆರೆದವನು ಏನಂತ ಸಾಬೀತು ಮಾಡುತ್ತಾನೆ?

“ಹುಡುಗು ಬುದ್ಧಿ, ಬೈದರೆ ಸಾಲದೇ?” 2024ರಲ್ಲಿ ಪುಣೆಯಲ್ಲಿ ಅಪ್ರಾಪ್ತನೊಬ್ಬ ಓಡಿಸಿದ ಕಾರು ಗುದ್ದಿ ಇಬ್ಬರು ಸತ್ತಾಗ ಅವನ ಜಾಮೀನಿನ ಷರತ್ತುಗಳಲ್ಲಿ 300 ಪದಗಳ ಪ್ರಬಂಧವೂ ಒಂದಾಗಿತ್ತು. (ಕಾಗುಣಿತಕ್ಕೆ ಅಂಕವಿತ್ತೋ ಏನೋ!) ಜನ ಸಿಡಿದೆದ್ದ ಮೇಲೆ ಆದೇಶ ಬದಲಾಯಿತು.

“ಸರಿ ಅಪ್ಪಾ, ಕೀ ಕೊಡು. ಕಾರು ಒಳಗೆ ನಿಲ್ಲಿಸ್ತೀನಿ.”