ತೆಳ್ಳಗಿನ ಲ್ಯಾಪ್‌ಟಾಪೂ ನಮ್ಮ ಊರಿನ ಸೆಕೆಯೂ

ಅಲ್ಲ ಶೆಟ್ರೇ, ಮಗಳು ತೆಳ್ಳಗಿನದ್ದೇ ಬೇಕು ಅಂತ ಹಠ ಹಿಡಿದದ್ದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ದಿನಾ ಸಿದ್ಧಕಟ್ಟೆಯಿಂದ ಮೂಡುಬಿದಿರೆಗೆ ಒಂದು ಬಸ್ಸು, ಅಲ್ಲಿಂದ ಮಿಜಾರಿನ ಕಾಲೇಜಿಗೆ ಇನ್ನೊಂದು. ಅರ್ಧ ದಾರಿ ನಿಂತೇ ಹೋಗಬೇಕು. ಅಂಗಡಿಯವರು ಗೇಮಿಂಗ್ ಲ್ಯಾಪ್‌ಟಾಪ್ ಅಂತ ತೋರಿಸುವುದು ಎರಡೂವರೆ ಕಿಲೋದ ಆಸುಪಾಸು, ಚಾರ್ಜರಿನ ಭಾರ ಬೇರೆ. ಪುಸ್ತಕ, ಬುತ್ತಿ, ಕೊಡೆ ಸೇರಿದರೆ ಆ ಹುಡುಗಿಯ ಬೆನ್ನು ಎಂತ ಆಗಬೇಕು? ಹಗುರದ್ದು ಬೇಕು ಅನ್ನುವುದು ಶೋಕಿ ಅಲ್ಲ. ಆದರೆ ಹಗುರವೂ ಇರಬೇಕು, ಮೆಕ್ಯಾನಿಕಲ್‌ನವರ ತ್ರೀಡಿ ಡಿಸೈನೂ ಸರಾಗ ಓಡಬೇಕು, ಬ್ಯಾಟರಿಯೂ ಸಂಜೆವರೆಗೆ ಬರಬೇಕು ಅಂದರೆ, ಯಾವುದಾದರೂ ಒಂದನ್ನು ಬಿಟ್ಟುಕೊಡದೆ ಆಗುವ ಮಾತಲ್ಲ.

ಎಲ್ಲದರ ಮೂಲ ಬಿಸಿ. ಪ್ರೊಸೆಸರ್ ಅನ್ನುವ ಚಿಪ್ಪು ಹೆಬ್ಬೆರಳಿನ ಉಗುರಿನಷ್ಟು ಜಾಗ. ಜೋರು ಕೆಲಸ ಕೊಟ್ಟರೆ ಆ ಉಗುರಿನಷ್ಟು ಜಾಗದಿಂದ 45 ವ್ಯಾಟ್ ಶಾಖ ಏಳುತ್ತದೆ, ಗ್ರಾಫಿಕ್ಸ್ ಚಿಪ್ಪು ಬೇರೆ ಇದ್ದರೆ ಅದರದ್ದು ಇನ್ನೂ ಹೆಚ್ಚು. ನೀವು ಹಣ್ಣಡಿಕೆಯನ್ನು ಅಂಗಳದಲ್ಲಿ ರಾಶಿ ಹಾಕಿದರೆ ಒಣಗುತ್ತದಾ? ಹರಡಿಯೇ ಹಾಕಬೇಕಲ್ಲ, ಶಾಖಕ್ಕೂ ಅದೇ ಲೆಕ್ಕ. ಅದಕ್ಕೆ ತಾಮ್ರದ ಕೊಳವೆ ಇಡುತ್ತಾರೆ. ಒಳಗೆ ಒಂದಿಷ್ಟೇ ನೀರು, ಗಾಳಿ ಎಳೆದು ಮುಚ್ಚಿದ್ದು. ಚಿಪ್ಪಿನ ಬದಿಯಲ್ಲಿ ಆ ನೀರು ಆವಿಯಾಗಿ ಫ್ಯಾನಿನ ಬದಿಗೆ ಓಡುತ್ತದೆ, ಅಲ್ಲಿ ತಣಿದು ನೀರಾಗಿ ಒಳಗಿನ ನೇಯ್ಗೆಯ ಮೂಲಕ ವಾಪಸು ಬರುತ್ತದೆ. ಎಷ್ಟು ಚಂದದ ಉಪಾಯ ನೋಡಿ, ಕರೆಂಟೂ ಬೇಡ, ಪಂಪೂ ಬೇಡ. ಆದರೆ ಲ್ಯಾಪ್‌ಟಾಪ್ ತೆಳ್ಳಗಾಗಬೇಕೆಂದು ಆ ಕೊಳವೆಯನ್ನು ಚಪ್ಪಟೆ ಮಾಡಿದಷ್ಟೂ ಅದು ಸಾಗಿಸುವ ಶಾಖ ಕಡಿಮೆ. ಫ್ಯಾನೂ ತೆಳ್ಳಗಾಗುತ್ತದೆ. ಅಷ್ಟೇ ಗಾಳಿ ಎಳೆಯಬೇಕಾದರೆ ಅದು ಜೋರಾಗಿ ತಿರುಗಬೇಕು, ಆಗ ಬರುವ ಕೀರಲು ಸದ್ದು ಕ್ಲಾಸಿನಲ್ಲಿ ಪಕ್ಕದವರಿಗೂ ಕೇಳುತ್ತದೆ.

ಚಿಪ್ಪು 95, 100 ಡಿಗ್ರಿ ಮುಟ್ಟಿತೋ, ಸುಟ್ಟುಹೋಗಬಾರದೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಡಬ್ಬದ ಮೇಲೆ ಬರೆದ ದೊಡ್ಡ ಸಂಖ್ಯೆ ಎರಡು ನಿಮಿಷದ ಮಾತು. ಅರ್ಧ ಗಂಟೆ ಆದ ಮೇಲೆ ಎಷ್ಟು ವೇಗ ಉಳಿಯಿತು ಅನ್ನುವುದೇ ನಿಜವಾದ ಲ್ಯಾಪ್‌ಟಾಪ್.

ಇಲ್ಲಿ ನಮ್ಮ ಊರಿನ ಸಂಗತಿ ಬರುತ್ತದೆ, ಯಾವ ಜಾಹೀರಾತಿನಲ್ಲೂ ಇದನ್ನು ಹಾಕುವುದಿಲ್ಲ. ಶಾಖ ಹೊರಗೆ ಹೋಗುವುದು ಚಿಪ್ಪಿಗೂ ಹೊರಗಿನ ಗಾಳಿಗೂ ಇರುವ ಅಂತರದ ಬಲದಿಂದ. 20 ಡಿಗ್ರಿಯ ಎ.ಸಿ. ಕೋಣೆಯಲ್ಲಿ ಚಿಪ್ಪು 95ಕ್ಕೆ ನಿಂತರೆ ಅಂತರ 75. ಏಪ್ರಿಲ್ ತಿಂಗಳ ಮಧ್ಯಾಹ್ನ, ಬಂಟ್ವಾಳದಲ್ಲಿ 35 ಡಿಗ್ರಿ ಇರುವಾಗ ಅಂತರ 60ಕ್ಕೆ ಇಳಿಯಿತು. ಐದರಲ್ಲಿ ಒಂದು ಪಾಲು ತಂಪು ಮಾಡುವ ಶಕ್ತಿ ಕೂತಲ್ಲೇ ಹೋಯಿತು, ಯಂತ್ರದ್ದೇನೂ ತಪ್ಪಿಲ್ಲ. ದಪ್ಪದ ಲ್ಯಾಪ್‌ಟಾಪಿಗೆ ಅದನ್ನು ತಡೆದುಕೊಳ್ಳುವಷ್ಟು ಉಳಿಕೆ ಇರುತ್ತದೆ. ತೆಳ್ಳಗಿನದ್ದು ಮೊದಲೇ ಅಂಚಿನಲ್ಲಿ ನಿಂತದ್ದು.

ಬಿ.ಸಿ.ರೋಡಿನಲ್ಲಿ ನನ್ನ ರಿಪೇರಿ ಮೇಜಿಗೆ ಬರುವವುಗಳನ್ನು ನೀವೊಮ್ಮೆ ನೋಡಬೇಕು ಶೆಟ್ರೇ. ಸ್ಲೋ ಆಗಿದೆ, ವೈರಸ್ ಇರಬೇಕು ಅಂತ ತರುತ್ತಾರೆ. ಅಡಿಯ ಮುಚ್ಚಳ ಬಿಚ್ಚಿ ಫ್ಯಾನು ಎತ್ತಿದರೆ, ಗಾಳಿ ಹೊರಗೆ ಹೋಗುವ ತೆಳು ರೆಕ್ಕೆಗಳ ಬಾಯಿಗೆ ಬೂದು ಧೂಳು ಅಂಟಿರುತ್ತದೆ. ಚಿಮಟದಲ್ಲಿ ಎಳೆದರೆ ಇಡಿಯಾಗಿ ಒಂದು ಪಟ್ಟಿಯೇ ಎದ್ದು ಬರುತ್ತದೆ. ಹಾಸಿಗೆಯ ಮೇಲಿಟ್ಟು ಕೆಲಸ ಮಾಡಿದ ಹಾಸ್ಟೆಲ್ ಮಕ್ಕಳದ್ದಾದರೆ ಅದರಲ್ಲಿ ಹೊದಿಕೆಯ ನೂಲೂ ಇರುತ್ತದೆ. ಗಾಳಿ ಒಳಗೆ ಹೋಗುವ ತೂತುಗಳು ಅಡಿಯಲ್ಲೇ ಅಲ್ಲವಾ ಇರುವುದು, ಹಾಸಿಗೆ ಅವನ್ನು ಮುಚ್ಚಿಬಿಡುತ್ತದೆ. ಆ ಧೂಳು ತೆಗೆದು, ಚಿಪ್ಪಿನ ಮೇಲೆ ಒಣಗಿ ಬಿರುಕು ಬಿಟ್ಟ, ಶಾಖ ದಾಟಿಸುವ ಪೇಸ್ಟ್ ಒರೆಸಿ ಹೊಸದು ಹಚ್ಚಿದರೆ ಅದೇ ಯಂತ್ರ ಮತ್ತೆ ಓಡುತ್ತದೆ. ಕೆಲವು ತೆಳ್ಳಗಿನವುಗಳಲ್ಲಿ ಟಚ್‌ಪ್ಯಾಡ್ ಮೇಲೆದ್ದಿರುತ್ತದೆ. ಅದರ ಅಡಿಯ ಬ್ಯಾಟರಿ ಸೆಕೆಗೆ ಊದಿಕೊಂಡದ್ದು. ಲೀಥಿಯಂ ಬ್ಯಾಟರಿಗೆ ಬಿಸಿ ಅಂದರೆ ಆಯುಷ್ಯ ಕಡಿಮೆ ಅಂತಲೇ ಅರ್ಥ, ಅದರಲ್ಲೂ ನೂರಕ್ಕೆ ನೂರು ತುಂಬಿಸಿ ಚಾರ್ಜರಿಗೆ ಹಾಕಿಯೇ ಇಟ್ಟರೆ. ಅದನ್ನು ಅಂಟು ಹಾಕಿ ಕೂರಿಸಿದ್ದರೆ ಬಿಡಿಸುವಾಗ ನನ್ನ ಕೈ ತಡೆಯುತ್ತದೆ, ತೂತಾದರೆ ಬೆಂಕಿ.

ಬೆಳ್ತಂಗಡಿ ಬದಿಯಿಂದ ಬರುವವರ ಕಷ್ಟ ಬೇರೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಅವರಿಗೆ ಬ್ಯಾಟರಿಯೇ ಮುಖ್ಯ. 50 ವ್ಯಾಟ್-ಅವರ್ ಬ್ಯಾಟರಿ ಅಂದರೆ, ಓದುತ್ತಾ ಬರೆಯುತ್ತಾ 10 ವ್ಯಾಟ್ ಎಳೆದರೆ ಐದು ಗಂಟೆ, ಡಿಸೈನ್ ಓಡಿಸಿ 50 ವ್ಯಾಟ್ ಎಳೆದರೆ ಒಂದೇ ಗಂಟೆ. ಬ್ಯಾಟರಿ ದೊಡ್ಡದು ಮಾಡಿದರೆ ತೂಕ, ಫ್ಯಾನು ದೊಡ್ಡದು ಮಾಡಿದರೆ ಬ್ಯಾಟರಿಗೆ ಜಾಗ ಇಲ್ಲ. ವಿಮಾನದಲ್ಲಿ ಕೇಳದೆ ಒಯ್ಯಬಹುದಾದದ್ದು 100 ವ್ಯಾಟ್-ಅವರ್‌ವರೆಗೆ ಮಾತ್ರ, ಹಾಗಾಗಿ ಎಷ್ಟೇ ದೊಡ್ಡ ಕಂಪನಿಯೂ ಅಲ್ಲಿಗೆ ನಿಲ್ಲಿಸುತ್ತದೆ.

ಈ ತೆಳ್ಳಗಿನ ಓಟ ಶುರುವಾದದ್ದು 2008ರ ಜನವರಿಯಲ್ಲಿ, ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಆಫೀಸಿನ ಕಾಗದದ ಕವರಿನಿಂದ ಮ್ಯಾಕ್‌ಬುಕ್ ಏರ್ ಹೊರಗೆ ತೆಗೆದಾಗ. ಅದಕ್ಕಾಗಿ ಇಂಟೆಲ್ ತನ್ನ ಚಿಪ್ಪಿನ ಕವಚವನ್ನೇ ಕುಗ್ಗಿಸಿಕೊಟ್ಟಿತು. ಸೀಡಿ ಡ್ರೈವ್ ಹೋಯಿತು, ನೆಟ್‌ವರ್ಕ್ ಕೇಬಲಿನ ಕಿಂಡಿ ಹೋಯಿತು, ಯುಎಸ್‌ಬಿ ಒಂದೇ ಉಳಿಯಿತು, ರ್‍ಯಾಮ್ ಬೋರ್ಡಿಗೆ ಬೆಸುಗೆಯಾಯಿತು. 2015ರ 12 ಇಂಚಿನ ಮ್ಯಾಕ್‌ಬುಕ್‌ನಲ್ಲಿ ಫ್ಯಾನೂ ಇಲ್ಲ. 920 ಗ್ರಾಂ ತೂಕ, ಆದರೆ ಚಾರ್ಜಿಗೂ ಪೆನ್‌ಡ್ರೈವಿಗೂ ಸೇರಿ ಒಂದೇ ಕಿಂಡಿ. ಆಮೇಲೆ ಅದೇ ಕಂಪನಿ 2021ರ ಮ್ಯಾಕ್‌ಬುಕ್ ಪ್ರೋದಲ್ಲಿ ಎಚ್‌ಡಿಎಂಐ, ಮೆಮೊರಿ ಕಾರ್ಡಿನ ಕಿಂಡಿ ಎಲ್ಲ ವಾಪಸು ತಂದಿತು, 16 ಇಂಚಿನದ್ದು ಮೊದಲಿಗಿಂತ ತುಸು ದಪ್ಪವೂ ಆಯಿತು. ನನಗೆ ಆ ದಿನ ನಿಜವಾಗಿ ಸಂತೋಷವಾಗಿತ್ತು. 2020ರಲ್ಲಿ ಬಂದ ಎಂ1 ಚಿಪ್ಪು ಮಾತ್ರ ಬೇರೆ ದಾರಿ ಹಿಡಿಯಿತು. ಬಿಸಿಯನ್ನು ಹೊರಹಾಕುವುದು ಆಮೇಲಿನ ಮಾತು, ಹುಟ್ಟುವುದನ್ನೇ ಕಡಿಮೆ ಮಾಡು ಅಂತ. ನಮ್ಮ ಸೆಕೆಗೆ ಒಪ್ಪುವ ವಿಚಾರ ಅದೇ. ಆದರೆ ನಿಮ್ಮ ಮಗಳಿಗೆ ಸಾಲಿಡ್‌ವರ್ಕ್ಸ್ ಬೇಕಾದರೆ ಅದು ವಿಂಡೋಸ್‌ಗೆ ಮಾಡಿದ್ದು.

ರ್‍ಯಾಮ್ ಬೆಸುಗೆ ಹಾಕುವುದಕ್ಕೂ ಕಾರಣ ಉಂಟು, ಬರೀ ದುರಾಸೆ ಅಂತ ಹೇಳಲಾರೆ. ತಂತಿ ಗಿಡ್ಡವಾದಷ್ಟೂ ವೇಗ ಹೆಚ್ಚು, ಕರೆಂಟು ಕಡಿಮೆ. ಆದರೆ ಎಂಟು ಜಿಬಿ ತೆಗೆದುಕೊಂಡ ಹುಡುಗ ಮೂರನೇ ವರ್ಷಕ್ಕೆ ಬಂದಾಗ ಹದಿನಾರು ಬೇಕಾದರೆ ನಾನು ಏನೂ ಮಾಡಲಾಗುವುದಿಲ್ಲ, ಆ ಅಪ್ಪ-ಅಮ್ಮನ ಮುಖ ನೋಡಿ ಹೇಳುವುದು ಕಷ್ಟ. 2024ರಲ್ಲಿ ಲೆನೊವೊದ ಥಿಂಕ್‌ಪ್ಯಾಡ್ ಪಿ1ರಲ್ಲಿ ಎಲ್‌ಪಿಕ್ಯಾಮ್2 ಅನ್ನುವ ರ್‍ಯಾಮ್ ಬಂತು, ವೇಗವೂ ಉಂಟು, ಸ್ಕ್ರೂ ಬಿಚ್ಚಿ ಬದಲಿಸಲೂಬಹುದು. ಅಂಥದ್ದು ಅಗ್ಗದ ಲ್ಯಾಪ್‌ಟಾಪುಗಳಿಗೂ ಬರಬೇಕು.

ಬಳಸುವವರು ಎಲ್ಲಿ ಕೂತಿದ್ದಾರೆ ಅಂತ ಯೋಚಿಸಿ ಯಂತ್ರ ಮಾಡಿದವರು ನಮ್ಮಲ್ಲೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರಿನವರೂ ಸೇರಿ 2001ರಲ್ಲಿ ತೋರಿಸಿದ ಸಿಂಪ್ಯೂಟರ್ ನೆನಪುಂಟಾ? ಕೈಯಲ್ಲಿ ಹಿಡಿಯುವಷ್ಟು ಸಣ್ಣದು, ಫ್ಯಾನಿಲ್ಲ. ಅಂಗಡಿಯಲ್ಲಿ ಸಿಗುವ ಸಣ್ಣ ಸೆಲ್ಲುಗಳಿಂದ ನಡೆಯಬೇಕು, ಓದಲು ಬಾರದವರಿಗೆ ಕನ್ನಡದಲ್ಲಿ ಮಾತಾಡಿ ಹೇಳಬೇಕು ಅಂತ ಮಾಡಿದ್ದು. ಶಕ್ತಿಯನ್ನು ಬಿಟ್ಟುಕೊಟ್ಟು ಹಳ್ಳಿಗೆ ಬೇಕಾದದ್ದನ್ನು ಇಟ್ಟುಕೊಂಡರು. ಮಾರುಕಟ್ಟೆಯಲ್ಲಿ ಅದು ಗೆಲ್ಲಲಿಲ್ಲ. ಆದರೂ ಮಿಜಾರು, ಉಜಿರೆಯ ಕಾಲೇಜುಗಳಲ್ಲಿ ಓದುವ ಮಕ್ಕಳು ಒಂದು ದಿನ ಇಲ್ಲಿನ ಸೆಕೆಗೆ, ಇಲ್ಲಿನ ಮಳೆಗೆ ಅಂತಲೇ ಲ್ಯಾಪ್‌ಟಾಪ್ ಮಾಡಬೇಕು ಅನ್ನುವುದು ನನ್ನ ಆಸೆ.

ಈಗ ನಿಮ್ಮ ವಿಷಯ. ಒಂದೂಮುಕ್ಕಾಲು ಕಿಲೋದ ಒಳಗಿನದ್ದು ನೋಡಿ, ತೀರಾ ತೆಳ್ಳಗಿನದ್ದು ಬೇಡ, ನಾಲ್ಕು ಮಿಲಿಮೀಟರ್ ಹೆಚ್ಚು ದಪ್ಪ ಇದ್ದರೆ ಇರಲಿ. ರ್‍ಯಾಮ್ ಬದಲಿಸಲು ಕಿಂಡಿ ಉಂಟಾ, ಬ್ಯಾಟರಿಗೆ ಸ್ಕ್ರೂವಾ ಅಂಟಾ, ಇವೆರಡನ್ನು ಕೇಳಿಯೇ ದುಡ್ಡು ಕೊಡಿ. ಮನೆಗೆ ತಂದ ಮೇಲೆ ಸೆಟ್ಟಿಂಗಿನಲ್ಲಿ ಚಾರ್ಜ್ 80ಕ್ಕೆ ನಿಲ್ಲುವ ಹಾಗೆ ನಾನೇ ಮಾಡಿಕೊಡುತ್ತೇನೆ. ಗರಿಷ್ಠ ವೇಗವನ್ನೂ ನೂರಕ್ಕೆ ಹತ್ತರಷ್ಟು ಇಳಿಸೋಣ. ವೇಗ ಇಳಿದರೆ ವೋಲ್ಟೇಜೂ ಇಳಿಯುತ್ತದೆ, ಆದ್ದರಿಂದ ಶಾಖ ನೂರಕ್ಕೆ ಇಪ್ಪತ್ತೈದರಷ್ಟು ತಗ್ಗುತ್ತದೆ, ಅವಳಿಗೆ ವ್ಯತ್ಯಾಸ ಗೊತ್ತೂ ಆಗುವುದಿಲ್ಲ. ಮಳೆಗಾಲ ಮುಗಿದ ಕೂಡಲೇ ಒಮ್ಮೆ ಬಿಚ್ಚಿ ಧೂಳು ತೆಗೆಯಲಿಕ್ಕೆ ಅಂಗಡಿಗೆ ಕಳಿಸಿ, ನಾನು ಮಾಡುವಾಗ ಅವಳೂ ಪಕ್ಕದಲ್ಲಿ ಕೂತು ನೋಡಲಿ, ಮೆಕ್ಯಾನಿಕಲ್ ಓದುವವಳಲ್ಲವಾ.